ಎಕ್ಸ್‌ಚೇಂಜ್ ಸಾರ್ ಹಾಡು ಕೇಳುತ್ತಿದ್ದ ರೀತಿ

ನನ್ನ ಡೈರಿಯಲ್ಲಿ ಅವರ ಹೆಸರು ಒಂದು ಕಡೆಯೂ ಇಲ್ಲ. ‘ಎ. ಸಾ.’ ಎಂದಷ್ಟೇ ಇದೆ. ಎಕ್ಸ್‌ಚೇಂಜ್ ಸಾರ್. ಹೊಸನಗರದಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಲೈನ್ ಪರೀಕ್ಷೆ ಮಾಡಿ ನಿವೃತ್ತರಾದವರು. ಮೊನ್ನೆ ಡೈರಿಗಳನ್ನು ತೆಗೆದು ಎಣಿಸಿದೆ. ಎರಡು ವರ್ಷ ಒಂದು ತಿಂಗಳಲ್ಲಿ ‘ಎ. ಸಾ.’ ನೂರ ಹದಿನೆಂಟು ಸಲ ಬಂದಿದೆ. ಕೋಣಂದೂರಿನಲ್ಲಿರುವ ನನ್ನ ಅಪ್ಪ ಬಂದಿರುವುದು ಐವತ್ತಮೂರು ಸಲ. ಈ ಆಗಸ್ಟ್ ಒಂಬತ್ತರ ಪುಟದಲ್ಲಿ ‘ಎ. ಸಾ. ಹೋದರು, ಬೆಳಿಗ್ಗೆ ೬.೪೦, ಸಾಗರದ ಆಸ್ಪತ್ರೆ’ ಎಂದಿದೆ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಎಣಿಸುತ್ತೇನೆ. ಎಣಿಸುವ ಚಾಳಿ ಕೆಲಸದಿಂದ ಬಂತೋ, ಚಾಳಿ ಇದ್ದದ್ದಕ್ಕೆ ಈ ಕೆಲಸಕ್ಕೆ ಬಂದೆನೋ ಗೊತ್ತಿಲ್ಲ. ಹೊಸನಗರಕ್ಕೆ ಬಂದ ಎರಡನೆಯ ವಾರ, ಒಂದು ಭಾನುವಾರ ಸಂಜೆ, ಬಾಡಿಗೆ ಕೋಣೆಯ ಗೋಡೆಯಾಚೆಯಿಂದ ಒಂದು ಕೊಳಲು ಕೇಳಿಸಿತು. ಮೂರು ನಿಮಿಷ ನುಡಿದು ನಡುವೆಯೇ ನಿಂತಿತು. ಮತ್ತೆ ಅದೇ ಮೂರು ನಿಮಿಷ. ಮತ್ತೆ ಅದೇ. ಹದಿನಾಲ್ಕನೆಯ ಸಲ ಶುರುವಾದಾಗ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಬಾಗಿಲು ತಟ್ಟಿದೆ.

ಬಾಗಿಲು ತೆರೆದವರು ತೆಳ್ಳಗೆ, ಎತ್ತರಕ್ಕೆ, ಬಿಳಿ ಬನಿಯನ್ನಿನಲ್ಲಿದ್ದರು. “ಹೇಳಿ” ಎಂದರು. ‘ಬನ್ನಿ’ ಎಂದಲ್ಲ, ‘ಯಾರು’ ಎಂದೂ ಅಲ್ಲ. ಬಾಗಿಲಿಗೆ ಯಾರೇ ಬರಲಿ, ಹಾಲಿನವನೇ ಬರಲಿ, ಅವರ ಮೊದಲ ಮಾತು ಅದೇ ಎಂದು ಆಮೇಲೆ ತಿಳಿಯಿತು.

“ಹದಿನಾಲ್ಕು ಸಲ ಆಯ್ತು ಸಾರ್, ಅದೇ ಹಾಡು” ಎಂದೆ.

“ಹದಿನಾಲ್ಕಾ? ನಾನು ಹನ್ನೆರಡು ಅಂದ್ಕಂಡಿದ್ದೆ. ನೀವು ಎಣಿಸಿದ್ರಾ?” ಅವರ ಮುಖ ಬೆಳಗಿತು. “ಒಳಗೆ ಬನ್ನಿ ಮಾರಾಯ್ರೆ, ಎಣಿಸೋರು ಸಿಗೋದೇ ಕಷ್ಟ.”

ಒಳಗಿನ ಕೋಣೆಯಲ್ಲಿ ಎರಡು ಸ್ಪೀಕರು, ಎರಡು ಕುರ್ಚಿ. ಗೋಡೆಗೆ ಹಳೆಯ ರಜಾಯಿಗಳನ್ನು ತೂಗುಹಾಕಿದ್ದರು, ಶಬ್ದ ಪ್ರತಿಧ್ವನಿಸದಿರಲೆಂದು. ಮೇಜಿನ ಮೇಲೆ ನೀಲಿ ದೀಪದ ಒಂದು ಪುಟ್ಟ ಪೆಟ್ಟಿಗೆ. ಅದರ ಕೆಳಗೆ ಅಗಲವಾದ ಇನ್ನೊಂದು ಕಪ್ಪು ಪೆಟ್ಟಿಗೆ. ಅದರ ಮುಖದಲ್ಲಿ ಮೇಲೆ ಕೆಳಗೆ ಜಾರುವ ಹತ್ತು ಗುಂಡಿಗಳಿದ್ದವು, ಆದರೆ ಅದಕ್ಕೆ ವೈರೇ ಇರಲಿಲ್ಲ.

“ಅದೆಂತ ಸಾರ್, ಕೆಳಗಿಂದು?”

“ಅದಾ? ಈಕ್ವಲೈಜರ್. ಹಾಡಿನ ದಪ್ಪ ದನಿ, ತೀಕ್ಷ್ಣ ದನಿಗಳನ್ನ ಬೇರೆಬೇರೆಯಾಗಿ ಏರಿಸಿ ಇಳಿಸೋದು. ತೀರ್ಥಹಳ್ಳಿಯ ಒಂದು ಆರ್ಕೆಸ್ಟ್ರಾದೋರು ಮುಚ್ಚುವಾಗ ಕೊಟ್ಟಿದ್ದು. ಮೇಲಿನ ಪೆಟ್ಟಿಗೆಗೆ ಮಣೆ ಆಗುತ್ತೆ ಅಂತ ಇಟ್ಟಿದೀನಿ.” ಮತ್ತೆ ಗಂಭೀರವಾಗಿ ಹೇಳಿದರು: “ಹಾಡಿದೋರು ಕೊಟ್ಟಿದ್ದನ್ನ ತಿದ್ದೋಕೆ ನಾವ್ಯಾರು? ನಾನು ಜೀವಮಾನ ಪೂರ್ತಿ ಮಾಡಿದ್ದು ಒಂದೇ ಕೆಲಸ. ಆ ಕಡೆ ಹೇಳಿದ್ದು ಈ ಕಡೆಗೆ ಹಂಗೇ ಬರ್ಬೇಕು. ಲೈನು ತನ್ನ ಮಾತು ಸೇರಿಸ್ಬಾರ್ದು.”

ನೀಲಿ ದೀಪದ ಪೆಟ್ಟಿಗೆಯ ಮೇಲೆ ಮಾತ್ರ ಅವರಿಗೆ ಬಹಳ ನಂಬಿಕೆ. ಕಂಪ್ಯೂಟರಿನಲ್ಲಿರುವ ಹಾಡಿನ ಫೈಲೆಂದರೆ ಶಬ್ದವನ್ನು ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ ಅಳೆದು ಬರೆದಿಟ್ಟ ಪಟ್ಟಿ. ಈ ಪೆಟ್ಟಿಗೆ ಆ ಅಳತೆಗಳ ನಡುವೆ ತಾನೇ ಹೊಸ ಅಳತೆಗಳನ್ನು ಲೆಕ್ಕ ಹಾಕಿ ತುಂಬಿ, ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಮಾಡುತ್ತದೆ. ಅದಕ್ಕೆ ಅಪ್‌ಸ್ಯಾಂಪ್ಲಿಂಗ್ ಎಂದು ಹೆಸರು. “ನಡುವೆ ತುಂಬಿದ್ದು ಹಾಡಿದೋರು ಕೊಟ್ಟಿದ್ದಲ್ವಲ್ಲ ಸಾರ್?” ಎಂದು ಕೇಳಿದೆ. ಅವರು, “ನೀವು ಚಹಾ ಕುಡೀತೀರಾ?” ಎಂದರು.

ಚಹಾ ತಂದವರು ಅವರ ಹೆಂಡತಿ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು; ಬೀದಿಗೆಲ್ಲ ಅವರು ‘ಟೀಚರ್’. ನಗುಮುಖ, ದೊಡ್ಡ ದನಿ, ನಿಮ್ಮ ಮುಖವನ್ನೇ ನೋಡಿ ಮಾತಾಡುವ ರೂಢಿ. “ಎಂತ, ನಿಮ್ಮನ್ನೂ ಕೂರ್ಸಿದ್ರಾ? ಪಾಪ” ಎಂದು ಲೋಟ ಕೊಟ್ಟು ಹೊರಟುಹೋದರು. ಸಾರ್, ಟೀಚರ್ ಹೋದ ದಿಕ್ಕನ್ನೇ ನೋಡುತ್ತಿದ್ದರು.

ಯಾಕೆಂದು ಕೆಲವು ತಿಂಗಳ ಮೇಲೆ ಅವರೇ ಹೇಳಿದರು. ಮದುವೆಯಾದ ವರ್ಷದಿಂದ ಅವರಿಬ್ಬರೂ ಸಂಜೆ ಐದರಿಂದ ಆರರವರೆಗೆ ಒಟ್ಟಿಗೆ ಹಾಡು ಕೇಳುತ್ತಿದ್ದರಂತೆ. ಮೊದಲು ರೇಡಿಯೋ, ಆಮೇಲೆ ಕ್ಯಾಸೆಟ್ಟು. ನಗರ ಎಂಬ ಹತ್ತಿರದ ಊರಿನ ಸಣ್ಣ ಎಕ್ಸ್‌ಚೇಂಜಿಗೆ ವರ್ಗವಾಗಿದ್ದಾಗ ಸಂಜೆ ಪಾಳಿ ಬೇಡವೆಂದು ಮೇಲಧಿಕಾರಿಯ ಹತ್ತಿರ ಜಗಳಾಡಿದ್ದರು. ಕ್ಯಾಸೆಟ್ಟುಗಳೆಲ್ಲ ಬೂಷ್ಟು ಹಿಡಿದ ಮೇಲೆ ಕಂಪ್ಯೂಟರಿಗೆ ಬಂದರು. ಒಂದು ದಿನ ಟೀಚರ್, “ಈಗೀಗ ಹಾಡು ಮಂಕಾಗಿದೆ. ಜೀವ ಇಲ್ಲ” ಅಂದರು. ಕ್ರಮೇಣ ಬಂದು ಕೂರುವುದನ್ನೇ ಬಿಟ್ಟರು. ಅಡುಗೆಮನೆಯಲ್ಲಿ ಕೆಲಸ, ತಲೆನೋವು, ಪಕ್ಕದ ಮನೆಗೆ ಹೋಗುವುದು, ಏನಾದರೊಂದು.

“ಡಿಜಿಟಲ್‌ದೇ ದೋಷ ಅಂತ ನಂಗೆ ಗ್ಯಾರಂಟಿ ಆಯ್ತು” ಎಂದರು ಸಾರ್. “ಅದ್ಕೇ ಈ ಪೆಟ್ಟಿಗೆ. ಇದು ಮೂರನೇದು. ಪ್ರತಿಸಲ ಕರ್ದು ಕೂರಿಸ್ತೀನಿ. ಸ್ವಲ್ಪ ಪರವಾಗಿಲ್ಲ ಅಂತಾಳೆ. ಮಾರನೇ ದಿನ ಬರಲ್ಲ.”

ಇದನ್ನು ಹೇಳುವಾಗ ಅವರು ಬಲಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಿದ್ದರು. ಏನಾದರೂ ಕಷ್ಟದ್ದನ್ನು ಯೋಚಿಸುವಾಗ ಹಾಗೆ ಮಾಡುತ್ತಿದ್ದರು, ಎಡಗಿವಿಗೆ ಇನ್ನೂ ರಿಸೀವರ್ ಹಿಡಿದಿದ್ದಾರೆ ಎನ್ನುವ ಹಾಗೆ.

ಅವರ ಬಗ್ಗೆ ಊರಿನಲ್ಲಿ ಕಥೆಗಳಿದ್ದವು. ಕಂಬ ಹತ್ತಿ ಲೈನಿಗೆ ಕಿವಿಗೊಟ್ಟು ‘ಕೋಟೆ ತಿರುವಿನಲ್ಲಿ ಮರದ ಕೊಂಬೆ ತಾಗ್ತಿದೆ’ ಎಂದು ಹೇಳುತ್ತಿದ್ದರಂತೆ. ಹೋಗಿ ನೋಡಿದರೆ ಅಲ್ಲೇ ಇರುತ್ತಿತ್ತಂತೆ. ಹೌದಾ ಎಂದು ಕೇಳಿದ್ದಕ್ಕೆ, “ಹತ್ತರಲ್ಲಿ ಆರು ಸಲ” ಎಂದರು. ಲೈನ್ ಪರೀಕ್ಷೆಗೆ ಕೂತಾಗ ಕಿವಿಗೆ ಬಿದ್ದ ಊರವರ ಮಾತುಗಳನ್ನು ಮಾತ್ರ ಎಷ್ಟು ಕೆದಕಿದರೂ ಹೇಳುತ್ತಿರಲಿಲ್ಲ. “ಕೇಳಿದ್ದನ್ನ ಹೇಳ್ಬಾರ್ದು. ನಿಮ್ ಲ್ಯಾಬಲ್ಲೂ ಹಂಗೇ ಅಲ್ದಾ?” ಹಾಗೆಯೇ ಎಂದೆ.

ಜನವರಿಯ ಎರಡನೆಯ ಭಾನುವಾರ ನೀಲಿ ದೀಪದ ಪೆಟ್ಟಿಗೆಯ ಪರೀಕ್ಷೆ ಮಾಡಿದೆವು. ಸಲಹೆ ನನ್ನದು. ಅವರ ಮುಖಕ್ಕೆ ಟವೆಲು. ಹಿಂದೆ ನಿಂತು ನಾನು ನಾಣ್ಯ ಚಿಮ್ಮುವುದು. ಸಿಂಹದ ಮುಖ ಬಿದ್ದರೆ ಅಪ್‌ಸ್ಯಾಂಪ್ಲಿಂಗ್ ಹಾಕುವುದು, ಅಂಕಿ ಬಿದ್ದರೆ ತೆಗೆಯುವುದು. ಅವರು ಕೇಳಿ ‘ಇದೆ’ ಅಥವಾ ‘ಇಲ್ಲ’ ಎನ್ನಬೇಕು. ಇಪ್ಪತ್ತು ಸಲ. ಶಬ್ದದ ಮಟ್ಟ ಎರಡಕ್ಕೂ ಒಂದೇ ಇರಬೇಕೆಂದು ಅವರೇ ಪಟ್ಟು ಹಿಡಿದು ಮೀಟರಿನಲ್ಲಿ ಸರಿಮಾಡಿಸಿದರು. “ಸ್ವಲ್ಪ ಜೋರಾಗಿದ್ರೂ ಅದೇ ಚೆನ್ನಾಗಿದೆ ಅನ್ಸುತ್ತೆ. ಕಿವಿ ಮೋಸ ಹೋಗೋದು ಅಷ್ಟು ಸಸಾರ.”

ಒಂದೊಂದು ಸಲವೂ ಬಹಳ ಖಚಿತವಾಗಿ ಹೇಳುತ್ತಿದ್ದರು. “ಇದೆ! ನೋಡಿ, ಕೊಳಲಿನ ಸುತ್ತ ಗಾಳಿ ಬಂತು.” ಆಗ ನಾನು ಅಪ್‌ಸ್ಯಾಂಪ್ಲಿಂಗ್ ತೆಗೆದಿದ್ದೆ. ನನ್ನ ಪುಸ್ತಕದಲ್ಲಿ ಗೀಟು ಹಾಕಿಕೊಂಡೆ.

ಕೊನೆಗೆ ಟವೆಲು ತೆಗೆದು ಕೇಳಿದರು, “ಎಷ್ಟು?”

“ಹನ್ನೊಂದು ಸರಿ, ಒಂಬತ್ತು ತಪ್ಪು.”

ಪುಸ್ತಕ ಇಸಿದುಕೊಂಡು ಗೀಟುಗಳನ್ನು ತಾವೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನನಗೆ ಭಯವಾಗಿತ್ತು. ಅವರು ನಕ್ಕುಬಿಟ್ಟರು. “ಕಿವಿ ಯಾಕೆ, ನಾಣ್ಯವೇ ಸಾಕಿತ್ತಲ್ಲ ಮಾರಾಯ್ತಿ!” ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಮೇಲೆ ಬಹುವಚನ ಬರಲಿಲ್ಲ.

ಆದರೆ ಅಪ್‌ಸ್ಯಾಂಪ್ಲಿಂಗನ್ನು ತೆಗೆಯಲಿಲ್ಲ. “ಇರ್ಲಿ. ಕೆಡಿಸೋದೂ ಇಲ್ವಲ್ಲ. ದೀಪ ಚಂದ ಕಾಣುತ್ತೆ” ಎಂದರು. ನಾನು ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದರು, “ಹಂಗಾದ್ರೆ ಅವಳು ಬರ್ದೆ ಇರೋದು ಎಂತಕ್ಕೆ? ನನ್ ಜೊತೆ ಕೂರೋದೇ ಬೇಜಾರಾಯ್ತಾ?”

ಉತ್ತರ ಸಿಕ್ಕಿದ್ದು ಮಾರ್ಚಿನಲ್ಲಿ. ಲ್ಯಾಬಿನವಳು ಎಂದು ಗೊತ್ತಾದರೆ ಬೀದಿಯವರೆಲ್ಲ ಹಳೆಯ ರಿಪೋರ್ಟುಗಳನ್ನು ಹೊತ್ತು ತರುತ್ತಾರೆ. ಒಂದು ಬುಧವಾರ ಟೀಚರ್ ಕೂಡ ತಮ್ಮ ಪ್ಲಾಸ್ಟಿಕ್ ಚೀಲ ತಂದರು. ಸಕ್ಕರೆ, ಥೈರಾಯ್ಡ್, ಕೊಬ್ಬು. ಅವುಗಳ ನಡುವೆ ಒಂದು ಗ್ರಾಫ್ ಹಾಳೆ ಇತ್ತು. ಎಡದಿಂದ ಬಲಕ್ಕೆ ಬರುತ್ತ ಎರಡು ಗೆರೆಗಳು ಗುಡ್ಡ ಇಳಿದ ಹಾಗೆ ಇಳಿದಿದ್ದವು.

“ಅದು ಬಿಡು, ಅದು ಕಿವೀದು” ಎಂದು ಟೀಚರ್ ಕೈಚಾಚಿದರು. ತೀರ್ಥಹಳ್ಳಿಗೆ ತಂಗಿಯ ಮನೆಗೆ ಹೋದಾಗ ಯಾವುದೋ ಶಿಬಿರದಲ್ಲಿ ಮಾಡಿಸಿದ್ದಂತೆ. ಸಣ್ಣ ಶಬ್ದಗಳು, ತೀಕ್ಷ್ಣ ಶಬ್ದಗಳು ಕೇಳಿಸುವುದು ಕಡಿಮೆಯಾಗಿತ್ತು. ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನೂ ಕೊಟ್ಟಿದ್ದರು. ಹಾಡು ಹಾಕಿದರೆ ಅದು ಒಳಗೇ ಕೀರಲು ಕೂಗುತ್ತಿತ್ತು, ಡಬ್ಬಿಗೆ ಸೇರಿಸಿದ್ದರು.

“ಸಾರ್‌ಗೆ ಗೊತ್ತಾ?”

“ಇಲ್ಲೆ. ಹೇಳ್ಬೇಡ. ಅಷ್ಟು ಆಸೆಯಿಂದ ಪೆಟ್ಟಿಗೆ ತಂದು ಕೂರಿಸ್ತಾರೆ, ನಂಗೆ ಕೇಳಲ್ಲ ಅಂತ ಹೆಂಗೆ ಹೇಳೋದು? ಹೇಳಿದ್ರೆ ಅವ್ರೂ ಕೇಳೋದು ಬಿಟ್ಟುಬಿಡ್ತಾರೆ. ಒಬ್ಬರಾದ್ರೂ ಕೇಳ್ಲಿ.”

ಹಾಳೆಯನ್ನು ವಾಪಸು ಕೊಡುವಾಗ ಮೇಲೆ ಅಚ್ಚಾಗಿದ್ದ, ಶಬ್ದ ಎಷ್ಟು ತೀಕ್ಷ್ಣ ಎಂದು ತೋರಿಸುವ ಅಂಕಿಗಳ ಮೇಲೆ ಕಣ್ಣು ಬಿತ್ತು. ೨೫೦, ೫೦೦, ೧೦೦೦, ೨೦೦೦, ೪೦೦೦, ೮೦೦೦. ಈ ಅಂಕಿಗಳನ್ನು ನಾನು ಎಲ್ಲಿಯೋ ನೋಡಿದ್ದೆ. ಪಾತ್ರೆ ತೊಳೆಯುವಾಗ ಹೊಳೆಯಿತು: ಮಣೆಯಾಗಿ ಬಿದ್ದಿದ್ದ ಈಕ್ವಲೈಜರಿನ ಗುಂಡಿಗಳ ಕೆಳಗೆ ಇದ್ದದ್ದು ಇವೇ.

ಕೇಳಿದ್ದನ್ನು ಹೇಳುವ ಹಾಗಿಲ್ಲ. ಹಾಗಾಗಿ ಮಾರನೆಯ ಭಾನುವಾರ ಸಾರ್ ಹತ್ತಿರ ಹೋಗಿ, “ಈಕ್ವಲೈಜರಿಗೂ ಒಂದು ಪರೀಕ್ಷೆ ಮಾಡೋಣ. ಈ ಸಲ ಟೀಚರ್ ಕೂರ್ಲಿ” ಎಂದಷ್ಟೇ ಅಂದೆ. ಅವರಿಗೆ ಹಿಡಿಸಲಿಲ್ಲ. “ಆ ಡಬ್ಬೀನಾ? ಪಾಯಸಕ್ಕೆ ಉಪ್ಪಿನಕಾಯಿ ಹಾಕೋ ಯಂತ್ರ ಅದು.” ಆದರೂ ವೈರು ಜೋಡಿಸಿದರು, ಪರೀಕ್ಷೆ ಎಂದರೆ ಅವರು ಬೇಡ ಎನ್ನುವವರಲ್ಲ. ಟೀಚರನ್ನು ಕರೆತಂದು ಕೂರಿಸಿ ನಾನು ಕಣ್ಣಿಗೆ ಟವೆಲು ಕಟ್ಟಿದೆ. “ಇದೇನು ಕಣ್ಣಾಮುಚ್ಚಾಲೆಯಾ, ಈ ವಯಸ್ಸಲ್ಲಿ!” ಎಂದು ನಗುತ್ತಲೇ ಕೂತರು.

ಗುಂಡಿಗಳೆಲ್ಲ ನಡುವಿನಲ್ಲಿದ್ದಾಗ ಟೀಚರ್ ಸುಮ್ಮನೆ, ಮರ್ಯಾದೆಗೆ ಕೂತವರ ಹಾಗೆ ಕೂತಿದ್ದರು. ನಾನು ಎರಡು ಸಾವಿರದ ಗುಂಡಿಯನ್ನು ಸ್ವಲ್ಪ ಎತ್ತಿದೆ, ನಾಲ್ಕು ಸಾವಿರದ್ದನ್ನು ಇನ್ನಷ್ಟು, ಎಂಟು ಸಾವಿರದ್ದನ್ನು ಮತ್ತಷ್ಟು. ಆ ಹಾಳೆಯ ಇಳಿಜಾರನ್ನು ತಲೆಕೆಳಗು ಮಾಡಿದಂತೆ. ಸಾರ್ ಹಲ್ಲು ಕಚ್ಚಿದರು.

ಟೀಚರ್ ತಲೆ ಎತ್ತಿದರು. “ಇದು ಬೇರೆಯವರು ನುಡ್ಸಿದ್ದಾ?”

“ಅಲ್ಲ ಟೀಚರ್, ಅದೇ.”

“ಅದೇ ಆದ್ರೆ ಕೊಳಲು ನುಡ್ಸೋರು ಉಸಿರು ತಗೊಳ್ಳೋದು ಕೇಳ್ತಿದೆಯಲ್ಲ! ಮೊದ್ಲು ಕೇಳ್ತಿತ್ತು, ಕ್ಯಾಸೆಟ್ಟಲ್ಲಿ. ಆಮೇಲೆ ಹೋಗಿತ್ತು.” ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು.

ಸಾರ್ ಹಾಡನ್ನು ನಿಲ್ಲಿಸಿದರು. ಟೀಚರ ಕುರ್ಚಿಯ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಬಲಗಿವಿಗೆ ಬೆರಳಿಟ್ಟುಕೊಂಡು, ಲೈನ್ ಪರೀಕ್ಷೆಗೆ ಎಣಿಸುವ ಹಾಗೆ ಸಣ್ಣ ದನಿಯಲ್ಲಿ ಎಣಿಸಿದರು. “ನಾಲ್ಕು, ಐದು, ಆರು, ಏಳು.” ಟೀಚರ್ ಅಲ್ಲಾಡಲಿಲ್ಲ. “ಹಾಡು ಯಾಕೆ ನಿಂತೋಯ್ತು?” ಎಂದು ನಾನಿದ್ದ ಕಡೆ ಮುಖ ಮಾಡಿ ಕೇಳಿದರು. ಸಾರ್ ಮತ್ತೊಮ್ಮೆ ಎಣಿಸಿದರು. ಆಮೇಲೆ ಮುಂದೆ ಬಂದು, ಮಂಡಿಯೂರಿ, ಟವೆಲಿನ ಗಂಟನ್ನು ತಾವೇ ಬಿಚ್ಚಿದರು.

“ಯಾವಾಗಿಂದ?”

“ಎಂತದು?”

“ಲೈನು ಕೆಟ್ಟಿದ್ದು ಯಾವಾಗಿಂದ ಮಾರಾಯ್ತಿ?”

ಟೀಚರ್ ನನ್ನ ಕಡೆ ನೋಡಿದರು. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ. “ಮೂರು ವರ್ಷ ಆಯ್ತು” ಎಂದರು. ಸಾರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಊರೆಲ್ಲಾ ಲೈನು ನೋಡಿದೆ. ಮೂರು ಪೆಟ್ಟಿಗೆ ತಂದೆ. ಫೋನು ಮಾಡ್ದಾಗ ನೀನು ‘ಎಂತ, ಎಂತ’ ಅಂದಾಗೆಲ್ಲ ಟವರಿಗೆ ಬೈದೆ.” ಟೀಚರ್‌ಗೆ ನಗು ಬಂತು. ನಗು ಬಂದದ್ದಕ್ಕೆ ಕಣ್ಣಲ್ಲಿ ನೀರೂ ಬಂತು. ನಾನು ಪುಸ್ತಕ ಮುಚ್ಚಿ ಮನೆಗೆ ಬಂದೆ. ಆ ದಿನದ ಪುಟದಲ್ಲಿ ಅಂಕಿಗಳಿಲ್ಲ.

ಮುಂದಿನ ವಾರವಿಡೀ ಅವರು ಗುಂಡಿಗಳನ್ನು ಹೊಂದಿಸಿದರು. ಹಾಳೆಯಲ್ಲಿದ್ದಷ್ಟೂ ಎತ್ತಿದರೆ ಸ್ಪೀಕರು ಕಿರುಚುತ್ತಿತ್ತು. ಅರ್ಧದಷ್ಟು ಎತ್ತಿ, ಒಟ್ಟು ಶಬ್ದವನ್ನು ಇಳಿಸಿ, ಟೀಚರ್ ಒಪ್ಪಿದ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿದರು. ಸಂಜೆ ಐದಕ್ಕೆ ಎರಡನೆಯ ಕುರ್ಚಿ ತುಂಬಿತು.

ಆದರೆ ಒಂದು ತೊಡಕಿತ್ತು, ಅದು ಗೊತ್ತಿದ್ದದ್ದು ಸಾರ್‌ಗೆ ಮತ್ತು ನನಗೆ. ಟೀಚರ ಕಿವಿಗೆ ಸರಿಯಾದದ್ದು ಸಾರ್ ಕಿವಿಗೆ ಶಿಕ್ಷೆ. ಎಪ್ಪತ್ತರ ಹತ್ತಿರವಾದರೂ ಅವರ ಕಿವಿ ಆ ವಯಸ್ಸಿಗೆ ಮೀರಿ ಚುರುಕಾಗಿತ್ತು. ಒಮ್ಮೆ ಹಾಲಿನ ಅಂಗಡಿಯ ಮುಂದೆ ಸಿಕ್ಕಾಗ ಕೇಳಿದೆ, ಹೇಗಿದೆ ಸಾರ್ ಎಂದು.

“ಹೆಂಗಿರುತ್ತೆ? ಕೊಳಲು ಅಂದ್ರೆ ಕುಕ್ಕರ್ ಸೀಟಿ. ತಾಳ ಅಂದ್ರೆ ಸ್ಟೀಲ್ ತಟ್ಟೆ ಬಿದ್ದಂಗೆ. ಹಲ್ಲೆಲ್ಲ ಜುಮ್ ಅನ್ನುತ್ತೆ.”

“ಟೀಚರ್‌ಗೆ ಹೆಡ್‌ಫೋನ್ ಕೊಡ್ಬಹುದಲ್ಲ? ಅವರಿಗೆ ಅವರದ್ದು, ನಿಮಗೆ ನಿಮ್ಮದು.”

“ಕೊಟ್ಟೆ. ಎರಡು ನಿಮಿಷ ಹಾಕ್ಕಂಡು ತೆಗ್ದಿಟ್ಲು. ‘ಒಬ್ಳೇ ಕೇಳೋಕೆ ನಾನೆಂತ ಸಾಗರದ ಬಸ್ಸಲ್ಲಿ ಕೂತಿದೀನಾ’ ಅಂದ್ಲು.” ಹಾಲಿನ ಪ್ಯಾಕೆಟ್ಟನ್ನು ಕೈಯಿಂದ ಕೈಗೆ ಬದಲಿಸಿದರು. “ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಮತ್ತೆ ಅಡುಗೆಮನೆ ಸೇರ್ತಾಳೆ.”

ಹೀಗೆ ಗಂಡ ಹೆಂಡತಿ ಇಬ್ಬರೂ ಪರಸ್ಪರರಿಗೆ ಹೇಳಬೇಡವೆಂದ ಮಾತುಗಳು ನನ್ನ ಹತ್ತಿರ ಎರಡಾದವು.

ಹದಿನಾರು ತಿಂಗಳು ಅವರು ಹಾಗೆಯೇ ಕೇಳಿದರು. ಅದರಲ್ಲಿ ಅರವತ್ತೊಂದು ಸಂಜೆ ನಾನೂ ಇದ್ದೆ. ಜೀವಮಾನವಿಡೀ ‘ಹಂಗೇ ಬರ್ಬೇಕು’ ಎಂದಿದ್ದ ಮನುಷ್ಯ ತನ್ನ ಪಾಲಿಗೆ ಪೂರ್ತಿ ಕೆಟ್ಟ ಹಾಡಿನ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ, ಚಹಾದ ನೆಪದಲ್ಲಿ ಎದ್ದು ಹೋಗಲಿಲ್ಲ. ಟೀಚರ್ ಆಗಾಗ ತಿರುಗಿ, “ಕೇಳಿದ್ರಾ ಅದನ್ನ?” ಎನ್ನುತ್ತಿದ್ದರು. “ಕೇಳ್ದೆ” ಎನ್ನುತ್ತಿದ್ದರು ಸಾರ್. ಆಮೇಲಾಮೇಲೆ ಅವರು ಸ್ಪೀಕರಿನ ಕಡೆ ಮುಖ ಮಾಡುವುದನ್ನೇ ಬಿಟ್ಟು, ಕುರ್ಚಿಯನ್ನು ತುಸು ಓರೆ ಮಾಡಿ ಟೀಚರನ್ನು ನೋಡುತ್ತ ಕೂರುತ್ತಿದ್ದರು.

ನನ್ನ ಪುಸ್ತಕದಲ್ಲಿ ಪರೀಕ್ಷೆಗಳ ಕೊನೆಗೆ ಫಲಿತಾಂಶ ಎಂದು ಒಂದು ಸಾಲು ಖಾಲಿ ಉಳಿದಿತ್ತು. “ಕೊನೆಗೆ ಎಂತ ಬರೀಲಿ ಸಾರ್? ಈಕ್ವಲೈಜರ್ ಹಾಕಿದ್ರೆ ಹಾಡು ಚೆನ್ನಾಗಾಗುತ್ತೋ ಇಲ್ವೋ?” ಎಂದು ಕೇಳಿದೆ.

“ಯಾರ ಕಿವಿಗೆ ಅಂತ ಮೊದ್ಲು ಬರ್ಕೊ” ಎಂದರು.

ಆಗಸ್ಟ್ ಏಳರ ಸಂಜೆ ಎದೆ ಹಿಡಿದುಕೊಂಡಿತು. ಸಾಗರಕ್ಕೆ ಕರೆದೊಯ್ದರು. ಎರಡು ದಿನದ ಮೇಲೆ, ಮೊದಲೇ ಬರೆದಂತೆ, ಹೋದರು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಕಳೆದ ಭಾನುವಾರ ಐದು ಗಂಟೆಗೆ ಟೀಚರ್ ನನ್ನನ್ನು ಕರೆದರು. ಒಬ್ಬರೇ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ನಾನು ಪೆಟ್ಟಿಗೆಗಳ ಸ್ವಿಚ್ ಹಾಕಿ, ಕೊಳಲನ್ನು ಹುಡುಕಿದೆ.

“ಗುಂಡಿ ಎಲ್ಲ ಕೆಳಗಿಳ್ಸು” ಎಂದರು. “ಅವರದ್ದು ಹೆಂಗಿತ್ತೋ ಹಂಗೆ ಹಾಕು.”

ನಾನು ತಿರುಗಿ ನೋಡಿದೆ. ಟೀಚರ್ ನನ್ನ ಮುಖ ನೋಡಿದರು.

“ಅವ್ರಿಗೆ ನಂದು ಹಿಡೀತಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಕಿವಿ ಮಂದ ಆದ್ರೆ ಕಣ್ಣೂ ಮಂದ ಆಗುತ್ತಾ? ದವಡೆ ಬಿಗಿ ಹಿಡ್ಕಂಡು ಕೂತಿರ್ತಿದ್ರು. ಸಾಕು, ನಿಮಗೆ ಬೇಕಾದಂಗೆ ಹಾಕ್ಕಳಿ ಅಂತ ಎಷ್ಟೋ ಸಲ ಬಾಯಿಗೆ ಬಂತು. ಹೇಳ್ಲಿಲ್ಲ. ನಂಗೂ ಕೇಳೋ ಆಸೆ. ಅವ್ರು ಪಕ್ಕದಲ್ಲಿ ಕೂತಿರ್ಬೇಕು, ನಂಗೂ ಕೇಳ್ಬೇಕು. ಎರಡೂ ಬೇಕಿತ್ತು ನಂಗೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಇವತ್ತು ಅವರದ್ದು ಹಾಕು.”

ಮೇಲಿದ್ದ ಮೂರು ಗುಂಡಿಗಳನ್ನು ನಡುವಿನ ಗೆರೆಗೆ ಇಳಿಸಿ, ಹಾಡು ಹಾಕಿದೆ. ನನ್ನ ಕಿವಿಗೆ ಅದು ಬಹಳ ಮೃದುವಾಗಿ ಕೇಳಿಸಿತು.

“ಕೇಳ್ತಿದೆಯಾ ಟೀಚರ್?” ಎಂದೆ, ಅವರಿಗೆ ಕಾಣುವ ಹಾಗೆ ಮುಂದೆ ಬಂದು.

“ಅಲ್ಲಲ್ಲಿ ಸ್ವಲ್ಪ.” ಕಣ್ಣು ಮುಚ್ಚಿಕೊಂಡರು. “ನಿಲ್ಲಿಸ್ಬೇಡ. ಮುಗಿದಾಗ ಮುಟ್ಟಿ ಹೇಳು. ನಂಗೆ ಗೊತ್ತಾಗಲ್ಲ.”

ಕೊಳಲು ಹನ್ನೊಂದು ನಿಮಿಷಕ್ಕೆ ಮುಗಿಯಿತು. ಟೀಚರ ತಲೆ ಮೆಲ್ಲಗೆ ತೂಗುತ್ತಲೇ ಇತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ ತಡವಾಗಿ ಮುಟ್ಟಿದೆ.